ಭಾವನ ಬಲಗೈ ಮಣಿಕಟ್ಟು

ನಮ್ಮ ಭಾವನಷ್ಟು ಆರೋಗ್ಯವಂತ ರೋಗಿಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಐವತ್ತಕ್ಕೆ ಒಂದೇ ಕಡಿಮೆ ವಯಸ್ಸು, ಕಲ್ಲು ತಿಂದರೂ ಕರಗಿಸುವ ಹೊಟ್ಟೆ, ಹಾಸಿಗೆಗೆ ಬೆನ್ನು ತಾಗುವ ಮೊದಲೇ ಗೊರಕೆ. ಆದರೂ "ಹೇಗಿದ್ದೀರಿ?" ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದವರಿಗೆ ಬಸ್ಸು ತಪ್ಪುತ್ತಿತ್ತು!

ತೊಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದರು. ಮದುವೆಯಾಗಿರಲಿಲ್ಲ, ಮಣಿನಗರದಲ್ಲಿ ಅಕ್ಕನ ಮನೆಯಿತ್ತು, ಟ್ರಂಕು ಹೊತ್ತು ಅಲ್ಲಿಗೇ ಹೋದೆ. ಭಾವ ವಿಮಾ ಕಚೇರಿಯಲ್ಲಿದ್ದರು. ಧಾರವಾಡ ಬಿಟ್ಟು ಹದಿನೈದು ವರ್ಷವಾಗಿದ್ದರೂ ಧಾರವಾಡ ಅವರನ್ನು ಬಿಟ್ಟಿರಲಿಲ್ಲ. ಅವರು ಗುಜರಾತಿ ಮಾತಾಡಿದರೆ, ಕನ್ನಡ ಇಷ್ಟು ಸುಲಭವಾಗಿ ಅರ್ಥವಾಗುತ್ತದಲ್ಲ ಎಂದು ಗುಜರಾತಿಗಳು ಖುಷಿಪಡುತ್ತಿದ್ದರು.

ಒಂದು ದಿನ ಭಾವ ಕಚೇರಿಯಿಂದ ಬಂದವರೇ ಬೂಟು ಕೂಡ ಬಿಚ್ಚದೆ ಘೋಷಿಸಿದರು: "ನಾನು ಸೈಕಲ್ ಮ್ಯಾಲೆ ಸೂರತ್‌ಗೆ ಹೊಂಟೇನಿ."

ಅಕ್ಕ ಅಡಿಗೆಮನೆಯಿಂದಲೇ ಕೇಳಿದಳು: "ಯಾಕ್ರಿ, ರೈಲು ನಿಂತಾವೇನು?"

ರೈಲು ನಿಂತಿರಲಿಲ್ಲ. ನಡೆಯಲಾರದವರಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಕೊಡಿಸಲು ಹಣ ಕೂಡಿಸಲೆಂದು ಕೆಲವು ಕಚೇರಿಗಳ ನೌಕರರು ಸೇರಿ ಒಂದು ಸೈಕಲ್ ಯಾತ್ರೆ ಹೊರಡಿಸಿದ್ದರು. ಅಹಮದಾಬಾದಿನಿಂದ ವಡೋದರಾ, ಅಲ್ಲಿಂದ ಸೂರತ್; ಒಟ್ಟು ನಾಲ್ಕು ದಿನ. ಹೆಸರು ಕೊಟ್ಟವರೆಲ್ಲ ಇಪ್ಪತ್ತೈದು ಮೂವತ್ತರ ಹುಡುಗರು. ನಮ್ಮ ಭಾವ ಸೈಕಲ್ ಹತ್ತಿ ಇಪ್ಪತ್ತು ವರ್ಷವಾಗಿತ್ತು. ಹಾಗಾದರೆ ಹೆಸರು ಕೊಟ್ಟದ್ದೇಕೆ? ನೋಟಿಸಿನ ಮುಂದೆ ನಿಂತಿದ್ದಾಗ ಯಾರೋ ಹಿಂದಿನಿಂದ "ಇದು ಸಾಹೇಬರಿಗಲ್ಲ" ಅಂದರಂತೆ. ಅಷ್ಟೇ ಸಾಕಾಯಿತು!

ಮರುದಿನ ಬೆಳಿಗ್ಗೆಯೇ ಒಂದು ಹಳೆಯ ಕರಿ ಸೈಕಲ್ ಬಂತು. ಭಾವ ತಾವೇ ಪಾನಾ ಹಿಡಿದು ಅದರ ಸೀಟು, ಹ್ಯಾಂಡಲ್ ಎಲ್ಲ "ವೈಜ್ಞಾನಿಕವಾಗಿ" ಹೊಂದಿಸಿ, ಕಾಂಕರಿಯಾ ಕೆರೆಯ ಸುತ್ತ ಅಭ್ಯಾಸ ಶುರುಮಾಡಿದರು. ಮೂರನೆಯ ದಿನಕ್ಕೆ ನೋವು ಕಾಣಿಸಿಕೊಂಡಿತು. ಸೈಕಲ್ ತುಳಿದವರಿಗೆ ಎಲ್ಲಿ ನೋಯಬೇಕು ಹೇಳಿ? ಕಾಲು. ಬಹಳವಾದರೆ ಸೊಂಟ. ಭಾವನಿಗೆ ನೋವು ಬಂದದ್ದು ಬಲಗೈ ಮಣಿಕಟ್ಟಿಗೆ!

"ಕಾಲಿಗೆ ಏನೂ ಆಗಿಲ್ಲೇನ್ರಿ?" ಎಂದಳು ಅಕ್ಕ.

"ಕಾಲು ಗಟ್ಟಿ ಅವ. ಆದ್ರ ಈ ಮುಂಗೈ ಅದಲ್ಲ, ಇಲ್ಲಿ, ಹೀಂಗ ತಿರುವಿದ್ರ ಝುಂ ಅಂತದ."

ಅಲ್ಲಿಂದ ಆ ಮಣಿಕಟ್ಟು ನಮ್ಮ ಮನೆಯ ಯಜಮಾನನಾಯಿತು. ಬೆಳಿಗ್ಗೆ ಎದ್ದರೆ ಅದರ ಕ್ಷೇಮಸಮಾಚಾರ, ಊಟಕ್ಕೆ ಕುಳಿತರೆ ಅದರ ಗುಣಗಾನ. ಕಚೇರಿಯ ಒಬ್ಬ ಹಿರಿಯ ಬೆಹೆನ್ ಇಂಗು, ಅರಿಶಿನ ಕಲಸಿ ಹಚ್ಚಲು ಹೇಳಿದರು. ಇವರು ಅಕ್ಕನ ಇಂಗಿನ ಡಬ್ಬಿಯನ್ನೇ ಖಾಲಿ ಮಾಡಿದರು. ಆ ವಾರವೆಲ್ಲ ಕಚೇರಿಗೆ ಬಂದವರು ಬಾಗಿಲಲ್ಲೇ ನಿಂತು, "ಇಲ್ಲಿ ಕ್ಯಾಂಟೀನ್ ಯಾವಾಗ ತೆರೆದರು?" ಎಂದು ಕೇಳುತ್ತಿದ್ದರಂತೆ.

ಇಂಗು ಸೋತ ಮೇಲೆ ಹ್ಯಾಂಡಲ್ಲಿನ ಸರದಿ. ಅದು ಮೆತ್ತಗಿರಬೇಕೆಂದು ಅಕ್ಕನ ಹಳೆಯ ಸ್ವೆಟರಿನ ಎರಡೂ ತೋಳು ಕತ್ತರಿಸಿ ಅದಕ್ಕೆ ತೊಡಿಸಿದರು. ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಪಂಜೆ. ಬೆಲ್ಲು ಒಳಗೆಲ್ಲೋ ಹೂತುಹೋಯಿತು. ಮತ್ತೇನು ಮಾಡುವುದು? ಭಾವ "ಖಸೋ! ಖಸೋ!" ಎಂದು ಬಾಯಿಂದಲೇ ದಾರಿ ಬಿಡಿಸುತ್ತಾ ಹೊರಟರು. ಗುಜರಾತಿಯಲ್ಲಿ ಪಕ್ಕಕ್ಕೆ ಸರಿಯಿರಿ ಎಂದರ್ಥ. ಕೆರೆಯ ಸುತ್ತ ವಾಯುವಿಹಾರ ಮಾಡುವ ಮುದುಕರು ಎರಡೇ ದಿನಕ್ಕೆ ತಮ್ಮ ವಿಹಾರವನ್ನು ಸಂಜೆಗೆ ಬದಲಿಸಿಕೊಂಡರು.

ಬಲಗೈಗೆ ವಿಶ್ರಾಂತಿ ಬೇಕೆಂದು ಬರೆಯುವುದನ್ನು ಎಡಗೈಗೆ ವಹಿಸಿದರು. ಯಾತ್ರೆಗಾಗಿ ನಾಲ್ಕು ದಿನದ ರಜೆಯ ಅರ್ಜಿಯನ್ನೂ ಎಡಗೈಯಲ್ಲೇ ಬರೆದರು. ಮೇಲಧಿಕಾರಿಗಳು ಕರೆಸಿ ಗಂಭೀರವಾಗಿ ಹೇಳಿದರಂತೆ: "ಯಾರೋ ನಿಮ್ಮ ಹೆಸರಿನಲ್ಲಿ ರಜೆ ಕೇಳಿದ್ದಾರೆ. ಅಕ್ಷರ ನೋಡಿದರೆ ಇನ್ನೂ ಶಾಲೆಗೆ ಹೋಗುವವನ ಹಾಗಿದೆ. ಜೋಪಾನ!"

ಅಷ್ಟರಲ್ಲಿ ಉತ್ತರಾಯಣ ಬಂತು. ಸಂಕ್ರಾಂತಿಯ ದಿನ ಅಹಮದಾಬಾದಿನಲ್ಲಿ ಮನೆಯೊಳಗೆ ಇರುವವರು ಬೆಕ್ಕುಗಳು ಮಾತ್ರ. ಉಳಿದವರೆಲ್ಲ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಾರೆ. "ನಿಮ್ಮ ಕೈಗೆ ಆಗೂದಿಲ್ಲ, ಸುಮ್ನ ಕೂಡ್ರಿ" ಎಂದು ಅಕ್ಕ ಇವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಹಬ್ಬದ ಉಂಧಿಯು ಪಲ್ಯ ಬಿಸಿ ಮಾಡಲು ಕೆಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕುರ್ಚಿ ಖಾಲಿ. ಭಾವ ಗೋಡೆಯಂಚಿನಲ್ಲಿ ನಿಂತು, ದಾರವನ್ನು ಬಲಗೈಯಿಂದ ಸರಸರನೆ ಎಳೆದು ಪಕ್ಕದ ಮನೆಯವರ ಮೂರನೆಯ ಪಟ ಕತ್ತರಿಸಿ "ಕಾಪ್ಯೋ ಛೇ!", ಅಂದರೆ ಕತ್ತರಿಸಿದೆ, ಎಂದು ಕುಣಿಯುತ್ತಿದ್ದರು!

"ನೋಡೋ ತಮ್ಮಾ," ಎಂದಳು ಅಕ್ಕ ನನ್ನ ಕಡೆ ತಿರುಗಿ, "ಪಟ ಹಾರಿಸೋ ಮುಂದ ಇಲ್ಲದ ಬ್ಯಾನಿ, ಒಂದು ತಂಬಿಗಿ ನೀರು ತರ್ರಿ ಅಂದ್ರ ಎಲ್ಲಿಂದ ಬರ್ತದ?"

"ಅದು ಬ್ಯಾರೆ ನರ" ಎಂದರು ಭಾವ.

ನನಗೆ ತಡೆಯಲಾಗಲಿಲ್ಲ. ಮರುವಾರ ಅವರನ್ನೂ ಅವರ ಸೈಕಲ್ಲನ್ನೂ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಕರೆದೊಯ್ದೆ. ಬಿಳಿ ಗಡ್ಡದ ಚಾಚಾ ಬೀಡಿ ಸೇದುತ್ತ ಕುಳಿತಿದ್ದರು. ಭಾವ ಕೈ ಚಾಚಿ ನೋವಿನ ಚರಿತ್ರೆ ಆರಂಭಿಸಿದರು. ಚಾಚಾ ಕೈಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಸಾಹೇಬ್, ಹತ್ತಿ ತೋರಿಸಿ" ಎಂದರು ಹಿಂದಿಯಲ್ಲಿ. ಭಾವ ಹತ್ತಿದರು. ಸೀಟಿನ ಮೂತಿ ನೆಲಕ್ಕೆ ಬಾಗಿತ್ತು. ಇವರು ಮುಂದಕ್ಕೆ ಜಾರುತ್ತಾ, ಇಡೀ ಮೈಭಾರವನ್ನು ಎರಡು ಅಂಗೈ ಮೇಲೆ ಹೇರಿ, ಮೊಣಕೈ ಸೆಟೆಸಿಕೊಂಡು ಕುಳಿತಿದ್ದರು. ಚಾಚಾ ಹೊಗೆ ಬಿಟ್ಟು ಹೇಳಿದರು:

"ಇದು ಕೈ ನೋವಲ್ಲ ಸಾಹೇಬ್, ಸೀಟಿನ ನೋವು."

ಸೀಟು ಮಟ್ಟವಾಯಿತು, ಹ್ಯಾಂಡಲ್ ಎರಡು ಬೆರಳು ಮೇಲೆ ಬಂತು, ಸ್ವೆಟರು, ಸ್ಪಂಜು, ಪಂಜೆ ಎಲ್ಲ ಕಸದ ಬುಟ್ಟಿ ಸೇರಿದವು. ಮೊಣಕೈ ಸ್ವಲ್ಪ ಮಡಚಿ ಹಿಡಿಯಿರಿ, ಆಗಾಗ ಕೈ ಜಾಗ ಬದಲಿಸಿ ಎಂದರು ಚಾಚಾ. ವಾರದೊಳಗೆ ನೋವು ಮುಕ್ಕಾಲು ಪಾಲು ಮಾಯ! ಭಾವನಿಗೆ ಸಂತೋಷವಾಯಿತೆಂದುಕೊಂಡಿರಾ? ಆಪ್ತ ಗೆಳೆಯನನ್ನು ರೈಲು ಹತ್ತಿಸಿ ಬಂದವರ ಹಾಗಿದ್ದರು. ಉಳಿದ ಕಾಲು ಪಾಲನ್ನು ಮಾತಿಗೆ ಬೇಕಾಗುತ್ತದೆಂದು ಮಣಿಕಟ್ಟಿಗೆ ಪಟ್ಟಿ ಸುತ್ತಿ ಜೋಪಾನ ಮಾಡಿಕೊಂಡರು.

ಫೆಬ್ರವರಿಯ ಒಂದು ಬೆಳಿಗ್ಗೆ ಯಾತ್ರೆ ಹೊರಟಿತು. ಅಕ್ಕನ ಅಪ್ಪಣೆಯಂತೆ ನಾನೂ ರಜೆ ಹಾಕಿ, ನೀರು, ಬಾಳೆಹಣ್ಣು ಹೊತ್ತ ಟೆಂಪೊದಲ್ಲಿ ಕುಳಿತೆ. ಮುಂದೆ ಮೂವತ್ತು ಹುಡುಗರು, ಅವರ ಹಿಂದೆ ಒಂದು ಮೈಲಿ ಖಾಲಿ ರಸ್ತೆ, ಆಮೇಲೆ ನಮ್ಮ ಭಾವ. ಎರಡನೆಯ ದಿನ ಮಧ್ಯಾಹ್ನ ವಡೋದರಾದಲ್ಲಿ ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ಕನ್ನಡ ಕೇಳಿ ಮಾಲೀಕರು ತವದ ಮುಂದಿನಿಂದ ಎದ್ದೇ ಬಂದರು. "ಎಂತ ಮಾರಾಯ್ರೇ, ಈ ಬಿಸಿಲಲ್ಲಿ ಸೈಕಲ್ಲಾ? ಕೈಗೆ ಪಟ್ಟಿ ಎಂತಕ್ಕೆ?"

ಕೇಳಿಯೇಬಿಟ್ಟರಲ್ಲ! ಎರಡು ಮಸಾಲೆ ದೋಸೆ, ಒಂದು ಕಾಫಿ ಮುಗಿಯುವವರೆಗೆ ಭಾವ ಹೇಳಿದರು. ಮಾಲೀಕರು ಪೂರ್ತಿ ಕೇಳಿ ಅಂದರು: "ನಾನು ಇಪ್ಪತ್ತೈದು ವರ್ಷದಿಂದ ದೋಸೆ ಮಗುಚುವುದು. ನನ್ನ ಕೈಯ ಸುದ್ದಿ ನನ್ನ ಹೆಂಡತಿ ಸಹ ಕೇಳಿದ್ದಿಲ್ಲ. ನೀವು ಪುಣ್ಯವಂತರು ಮಾರಾಯ್ರೇ!" ಭಾವ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ನಾಲ್ಕನೆಯ ದಿನ ಭರೂಚಿನಲ್ಲಿ ನರ್ಮದೆ ದಾಟಿ ಅಂಕಲೇಶ್ವರದ ಆಚೆ ಹೋಗುತ್ತಿದ್ದಾಗ ಅಡ್ಡ ಬಂದ ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಭಾವ ಬಿದ್ದರು. ಬಲಗೈ ಊರಿಯೇ ಬಿದ್ದರು. ನಾನು ಟೆಂಪೊದಿಂದ ಹಾರಿ ಓಡಿದೆ. ಅಷ್ಟರಲ್ಲಿ ಅವರೇ ಎದ್ದು, ಪ್ಯಾಂಟಿನ ಧೂಳು ಕೊಡವಿ ಮತ್ತೆ ಸೈಕಲ್ ಹತ್ತಿದರು. "ಏನಾಯ್ತು ಭಾವಾ?" ಎಂದರೆ "ಏನಿಲ್ಲ, ನಡಿ" ಎಂದರು. ಅಷ್ಟೇ! ಆಮೇಲೆ ಸೂರತ್ ಬರುವವರೆಗೂ ಮಾತಿಲ್ಲ. ನೀರು ಕೊಡಲು ಟೆಂಪೊ ನಿಂತಾಗಲೂ ಕೈಯ ಸುದ್ದಿ ತೆಗೆಯಲಿಲ್ಲ. ಆ ಮೌನ ಕೇಳಿ ನನಗೆ ಮೊದಲ ಸಲ ಭಯವಾಯಿತು.

ಸೂರತ್‌ನ ಒಂದು ಶಾಲೆಯ ಮೈದಾನದಲ್ಲಿ ಮೂರು ಗಾಲಿಯ ಹೊಸ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಭಾವ ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟುವ ಹೊತ್ತಿಗೆ ಭಾಷಣ, ಹಾರ ಎಲ್ಲ ಮುಗಿದಿತ್ತು. ಒಬ್ಬಾಕೆ ಮಾತ್ರ ತನ್ನ ಸೈಕಲ್ಲಿನಲ್ಲಿ ಕುಳಿತು ತಡಕಾಡುತ್ತಿದ್ದಳು. ಸುಮಾರು ಮೂವತ್ತರ ಹೆಂಗಸು. ಮನೆಯಲ್ಲೇ ಸೀರೆಗಳಿಗೆ ಮಿನುಗುವ ಟಿಕ್ಕಿ ಹೊಲಿಯುವವಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತಂತೆ. ಆವತ್ತು ಅಣ್ಣನ ಬೆನ್ನ ಮೇಲೆ ಬಂದಿದ್ದಳು. ಎಷ್ಟು ತಿರುಗಿಸಿದರೂ ಸೈಕಲ್ಲು ಇದ್ದಲ್ಲೇ ಎಡಕ್ಕೆ ಸುತ್ತುತ್ತಿತ್ತು. ಸುತ್ತಲಿದ್ದವರು ನಕ್ಕರು. ಅವಳು ಕೈಬಿಟ್ಟು, "ಇದು ನನ್ನಿಂದಾಗದು, ವಾಪಸ್ ತೆಗೆದುಕೊಳ್ಳಿ" ಎಂದಳು.

ಭಾವ ತಮ್ಮ ಸೈಕಲ್ಲನ್ನು ನನ್ನ ಮೇಲೆ ಒರಗಿಸಿ ನೇರ ಅವಳ ಹತ್ತಿರ ಹೋದರು. "ಬೆಹೆನ್, ಮೊಣಕೈ ಸೆಟೆಸಬೇಡ. ಹಾಂ, ಹಾಗೆ. ನಾನಿದ್ದೇನೆ, ತಿರುಗಿಸು" ಎಂದರು ತಮ್ಮ ಧಾರವಾಡದ ಗುಜರಾತಿಯಲ್ಲಿ. ಎಡಗೈಯಿಂದ ದಿಕ್ಕು ತೋರಿಸುತ್ತಾ, ಬಲಗೈಯಲ್ಲಿ ಅವಳ ಸೀಟಿನ ಹಿಂದಿನ ಕಬ್ಬಿಣ ಹಿಡಿದು ಪಕ್ಕದಲ್ಲೇ ಓಡತೊಡಗಿದರು. ಒಂದು ಸುತ್ತು. ಎರಡು ಸುತ್ತು. ಮೂರನೆಯ ಸುತ್ತಿಗೆ ಅವಳು ತಾನೇ ತಿರುವು ತೆಗೆದುಕೊಂಡು, ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದ ಹಾಗೆ ಗಟ್ಟಿಯಾಗಿ ನಕ್ಕಳು. ನಿಲ್ಲಿಸುವ ಮನಸ್ಸೇ ಅವಳಿಗೆ ಇರಲಿಲ್ಲ.

ನಾನು ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ಓಡಿ ಅವರ ಪಕ್ಕಕ್ಕೆ ಹೋದೆ. ಪಟ್ಟಿಯ ಕೆಳಗೆ ಭಾವನ ಮಣಿಕಟ್ಟು ಬಾತು ನೀಲಿಗಟ್ಟಿತ್ತು.

"ಭಾವಾ, ಕೈ ನೋಡ್ರಿ, ಎಷ್ಟು ಬಾತದ! ಬಿಡ್ರಿ ಅದನ್ನ."

"ಸುಮ್ನಿರೋ," ಎಂದರು ಭಾವ ಏದುಸಿರು ಬಿಡುತ್ತಾ, ಮೆಲ್ಲಗೆ, "ಆಕಿಗೆ ಕೇಳಿಸ್ತದ."

ಆಕೆಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ನಾನು ಬಾಯಿ ಮುಚ್ಚಿದೆ. ಸೀಟಿನ ಇನ್ನೊಂದು ಕಡೆಯಿಂದ ಕಬ್ಬಿಣಕ್ಕೆ ಕೈಹಾಕಿ, ನಾಲ್ಕನೆಯ ಸುತ್ತಿಗೆ ಅವರ ಜೊತೆ ಓಡಿದೆ.