ನಮ್ಮ ಕಾರಿನ ಆಮೆ

ಕರೆಂಟಿನ ಕಾರು ಕೊಳ್ಳುವ ವಿಷಯದಲ್ಲಿ ನನಗೆ ಯಾರ ಸಲಹೆಯೂ ಬೇಕಿರಲಿಲ್ಲ. ಹನ್ನೆರಡು ವರ್ಷದಿಂದ ಮನೆಯ ಇನ್ವರ್ಟರ್ ಬ್ಯಾಟರಿಗೆ ತಪ್ಪದೇ ನೀರು ಹಾಕುತ್ತ ಬಂದವನು ನಾನು. ಬ್ಯಾಟರಿಯ ಬಗ್ಗೆ ಇಡೀ ಸಿಂದಗಿಯಲ್ಲಿ ನನಗಿಂತ ಬಲ್ಲವರಿದ್ದರೆ ಮುಂದೆ ಬರಲಿ ಎಂಬ ಧಾಟಿಯಲ್ಲಿ ಓಡಾಡುತ್ತಿದ್ದೆ.

ಕಾರಣವೂ ಘನವಾದದ್ದೇ. ನನ್ನ ಹೆಂಡತಿ ಸುವರ್ಣಾ ಯಂಕಂಚಿಯ ಆಚೆಗಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಪ್ಪತ್ತೊಂದು ವರ್ಷ ಕೆಂಪು ಬಸ್ಸಿನಲ್ಲಿ, ಬಿಸಿಗಾಳಿಗೆ ಸೆರಗು ಅಡ್ಡ ಹಿಡಿದುಕೊಂಡು ಹೋಗಿಬಂದವಳು. ಈ ವರ್ಷ ನಿವೃತ್ತಿ. ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ ಶಾಲೆಯಲ್ಲಿ ಬೀಳ್ಕೊಡುಗೆ ಎಂದು ತೀರ್ಮಾನವಾಗಿತ್ತು.

"ಕೊನೀ ನಾಕ ತಿಂಗಳರೆ ನೀ ತಂಪಾಗಿ ಹೋಗಬೇಕು," ಎಂದು ಘೋಷಿಸಿದೆ. ಎರಡು ವರ್ಷದ ಹಿಂದೆಯೇ ನಿವೃತ್ತನಾಗಿದ್ದ ನನಗೆ ಘೋಷಣೆ ಮಾಡುವುದು ಬಿಟ್ಟರೆ ಬೇರೆ ಕೆಲಸವೂ ಇರಲಿಲ್ಲ.

ವಿಜಯಪುರದಲ್ಲಿ ಹಳೇ ಕಾರು ಮಾರುವವನ ಹತ್ತಿರ ಒಂದು ಬಿಳಿ ಕಾರು ಸಿಕ್ಕಿತು.

"ಇಂಡಿ ಊರಿನ ಡಾಕ್ಟರೊಬ್ರು ಇಟ್ಟಿದ್ರರಿ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಬ್ಯಾಟರ್ಯಾಗ ಎಷ್ಟ ದಮ್ ಉಳದೈತಿ ಅಂತ ಚೆಕ್ ಮಾಡಿಸಿ ಕೊಡ್ಲೇನ್ರಿ?" ಎಂದು ಕೇಳಿದ. ಪಾಪ, ಪ್ರಾಮಾಣಿಕ ಮನುಷ್ಯ!

"ಬ್ಯಾಟರಿ ನಾ ನೋಡ್ತೇನಿ, ನೀ ಸುಮ್ನಿರು," ಎಂದು ಬಾನೆಟ್ ಎತ್ತಿಸಿದೆ. ಒಳಗಿದ್ದ ಬ್ಯಾಟರಿಯನ್ನು ಎರಡು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಗಂಭೀರವಾಗಿ ತಲೆಯಾಡಿಸಿದೆ. ಕಾರು ಓಡಿಸುವ ಬ್ಯಾಟರಿ ಸೀಟಿನ ಕೆಳಗೆ ನೆಲದಡಿ ಇರುತ್ತದೆ, ನಾನು ತಟ್ಟಿದ್ದು ಹಾರ್ನ್ ಊದುವ ಬ್ಯಾಟರಿ ಎಂಬುದು ಬಹಳ ತಡವಾಗಿ ತಿಳಿಯಿತು.

ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಅದು ಚಳಿಗಾಲ. ಪೂರ್ತಿ ಚಾರ್ಜ್ ಮಾಡಿದರೆ ಪರದೆಯ ಮೇಲೆ ತೊಂಬತ್ತು ಕಿಲೋಮೀಟರ್ ಎಂದು ಬರುತ್ತಿತ್ತು. ಶಾಲೆಗೆ ಹೋಗಿಬರಲು ಐವತ್ತಾರು. ಬೆಳಿಗ್ಗೆ ಅವಳನ್ನು ಬಿಟ್ಟು ಬಂದು, ಚಾರ್ಜಿಗೆ ಹಾಕಿ, ಸಂಜೆ ಕರೆತರುತ್ತಿದ್ದೆ. ಸುವರ್ಣಾ ಸೀಟಿಗೆ ಒರಗಿ ಸಣ್ಣ ನಿದ್ದೆ ಮಾಡುತ್ತಿದ್ದಳು. ಅದನ್ನು ನೋಡಿ ನನ್ನ ಎದೆ ಉಬ್ಬುತ್ತಿತ್ತು.

ಶಿವರಾತ್ರಿ ಮುಗಿಯಿತು. ಬಿಸಿಲು ಬಂತು. ತೊಂಬತ್ತು ಎಪ್ಪತ್ತೈದಾಯಿತು, ಎಪ್ಪತ್ತೈದು ಅರವತ್ತೆರಡಾಯಿತು. ಕಾರಿಗೆ ನೆರಳು ಬೇಕೆಂದು ನಾನು ತಗಡಿನ ಪತ್ರಾಸ್ ಶೆಡ್ ಹಾಕಿಸಿದೆ. ಮಧ್ಯಾಹ್ನ ಅದರೊಳಗೆ ಹಪ್ಪಳ ಸುಡಬಹುದಿತ್ತು! ಕಾದ ಕಾರನ್ನು ತಂದು, ಕಾದ ಶೆಡ್ಡಿನಲ್ಲಿ ನಿಲ್ಲಿಸಿ, ಆರಲು ಬಿಡದೆ ಚಾರ್ಜಿಗೆ ಹಾಕಿ, ಬಾನೆಟ್ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದೆ.

"ಬ್ಯಾಟರಿ ಕೆಳಗೈತಂತಲ್ರಿ. ಹೊಟ್ಟಿ ನೋವಿಗೆ ತಲಿಗೆ ಪಟ್ಟಿ ಕಟ್ಟಾಕತ್ತೀರಿ," ಎಂದಳು ಸುವರ್ಣಾ.

"ತಂಪು ಕೆಳಗ ಇಳೀತೈತಿ," ಎಂದೆ. ವಿಜ್ಞಾನದ ಮಾತು ಅವಳಿಗೇನು ಗೊತ್ತು!

ಬೀಳ್ಕೊಡುಗೆಯ ದಿನ ಬಂತು. ಅವಳು ಒಂದು ವಾರದಿಂದ ಅಡುಗೆಮನೆಯಲ್ಲಿ ಕುಳಿತು ಭಾಷಣ ಬರೆದಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಅವಳು ತನಗಾಗಿ ಮಾಡುವ ಒಂದೇ ಭಾಷಣ. ನಾನು ಇಣುಕಿದರೆ ಹಾಳೆ ಮಗುಚುತ್ತಿದ್ದಳು. "ಅಲ್ಲೇ ಕೇಳೀರಂತ, ಮುಂದ ಕುಂತು," ಎನ್ನುತ್ತಿದ್ದಳು.

ಹಿಂದಿನ ರಾತ್ರಿ ಚಾರ್ಜ್ ಮುಗಿಯುವ ಮೊದಲೇ ಹೋದ ಕರೆಂಟ್ ಇನ್ನೂ ಬಂದಿರಲಿಲ್ಲ. ಪರದೆ ನಲವತ್ತಾರು ಎನ್ನುತ್ತಿತ್ತು. ಹೋಗಲು ಇಪ್ಪತ್ತೆಂಟು ಸಾಕು, ಶಾಲೆಯಲ್ಲಿ ಚಾರ್ಜ್ ಮಾಡಿದರಾಯಿತು ಎಂದುಕೊಂಡೆ. ಅವಳು ಹೊಸ ಇಳಕಲ್ ಸೀರೆ ಉಡುವಷ್ಟರಲ್ಲಿ ಕಾರು ತಂಪಾಗಲಿ ಎಂದು ಒಂದು ತಾಸು ಮೊದಲೇ ಎ.ಸಿ. ಹಾಕಿ ಕುಳಿತೆ. ಹೊರಡುವಾಗ ಮೂವತ್ತನಾಲ್ಕು.

"ಇವತ್ತೊಂದಿನ ಬಸ್ಸಿಗೆ ಹೋಗೂಣ್ರಿ," ಎಂದಳು.

"ಬೀಳ್ಕೊಡುಗಿ ದಿನ ಬಸ್ಸಿನ್ಯಾಗ? ಮಂದಿ ಏನಂದಾರು!"

ಯಂಕಂಚಿ ಇನ್ನೂ ಮುಂದಿರುವಾಗ ಹದಿನೆಂಟು ಇದ್ದ ಅಂಕಿ ಒಮ್ಮೆಲೇ ಆರಕ್ಕೆ ಇಳಿಯಿತು. ಕಾರು ನಡೆಯುವ ಮನುಷ್ಯನ ವೇಗಕ್ಕೆ ಬಂತು. ಪರದೆಯ ಮೇಲೆ ಒಂದು ಪುಟ್ಟ ಆಮೆಯ ಚಿತ್ರ ಮೂಡಿತು.

"ಇದೇನ್ರಿ, ಆಮಿ?"

"ಶುಭ ಲಕ್ಷಣ! ಗುಡಿಯಾಗ ದೇವರ ಮುಂದ ಇರೂದಿಲ್ಲೇನು?"

"ಆ ಆಮಿ ಕುಂತಲ್ಲೇ ಕುಂತಿರ್ತೈತ್ರಿ," ಎಂದಳು. ಮಾತು ಮುಗಿಯುವ ಮೊದಲೇ ನಮ್ಮದೂ ಕುಂತಿತು!

ಎ.ಸಿ. ಇಲ್ಲ. ಐದು ನಿಮಿಷದಲ್ಲಿ ಅವಳ ಮುಡಿಯ ಮಲ್ಲಿಗೆ ಬಾಡಿತು. ಅಷ್ಟರಲ್ಲಿ ಹಿಂದಿನಿಂದ ಕೆಂಪು ಬಸ್ಸು ಬಂತು. ಯಾರೂ ಕೈ ಮಾಡದಿದ್ದರೂ ನಿಂತಿತು. ಕಂಡಕ್ಟರ್ ತಲೆ ಹೊರಹಾಕಿ, "ಬರ್ರಿ ಅಕ್ಕೋರ! ನಿಮ್ಮ ಸೀಟು ಇನ್ನೂ ಖಾಲಿ ಐತ್ರಿ!" ಎಂದ.

ಸುವರ್ಣಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ನೀವೂ ಬರ್ರಿ. ಗಾಡಿ ಎಲ್ಲಿ ಹೋಗ್ತೈತಿ, ಇರ್ಲಿ ಬಿಡ್ರಿ."

ಇಲ್ಲಿಯವರೆಗಿನ ತಪ್ಪುಗಳಿಗೆಲ್ಲ ನನ್ನ ದಡ್ಡತನ ಕಾರಣ. ಮುಂದಿನದಕ್ಕೆ ನನ್ನ ಸೊಕ್ಕು ಕಾರಣ. ಕಾರು ಬಿಟ್ಟು ಬಸ್ಸಿನಿಂದ ಇಳಿದರೆ ಊರು ನಗುತ್ತದೆ ಎನಿಸಿತು. "ನೀ ನಡಿ. ಅರ್ಧಾ ತಾಸಿನ್ಯಾಗ ಕಾರ್ ತಗೊಂಡೇ ಬರ್ತೇನಿ," ಎಂದೆ. ಬಸ್ಸು ಹೋಯಿತು.

ರಸ್ತೆ ಪಕ್ಕದ ತೋಟದ ಮನೆಯ ಮೈಬೂಬಸಾಬರು ಬಂದು ಕಾರು ನೂಕಿ, ಕಿಟಕಿಯಿಂದ ವೈರ್ ಎಳೆದು ಕೊಟ್ಟರು. ಮಜ್ಜಿಗೆ ಕೊಟ್ಟರು. ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು.

"ಯಾವಾಗ ಬರ್ತೈತ್ರಿ?" ಎಂದೆ.

"ಬಂದಾಗ ಗೊತ್ತಾಗ್ತೈತ್ರಿ," ಎಂದು ಅವರು ಇನ್ನೊಂದು ರೊಟ್ಟಿ ಹಾಕಿದರು.

ಶಾಲೆಯಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ "ಹತ್ತು ನಿಮಿಷ, ಬಂದೆ," ಎಂದೆ. ನನಗಾಗಿ ಅವರು ಮುಕ್ಕಾಲು ತಾಸು ಕಾದರಂತೆ.

ಕೊನೆಗೂ ಕರೆಂಟ್ ಬಂದು, ಒಂದಿಷ್ಟು ಚಾರ್ಜ್ ಮಾಡಿಕೊಂಡು, ಎ.ಸಿ. ಹಾಕದೆ, ಬೆವರಿನಲ್ಲಿ ತೊಯ್ದು ನಾನು ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಹೆಡ್‌ಮಾಸ್ತರರು ಸಂಕೋಚದಿಂದ ಹೇಳಿದರು: "ಗಂಡ-ಹೆಂಡತಿ ಇಬ್ಬರಿಗೂ ಸತ್ಕಾರ ಇಟ್ಕೊಂಡಿದ್ವಿರಿ. ತಂದ ಶಾಲು ಹಂಗ ಹೆಂಗ ಇಡೂದು ಅಂತ ನಿಮ್ಮ ಕುರ್ಚಿಗೆ ಹೊಚ್ಚಿ, ಹಾರ ಹಾಕಿದ್ವಿರಿ."

ಆ ಫೋಟೋ ಅಷ್ಟರಲ್ಲೇ ವಾಟ್ಸಾಪಿನಲ್ಲಿ ಊರೂರು ತಿರುಗಿತ್ತು. ಸುವರ್ಣಾ ಪಕ್ಕದಲ್ಲಿ ಖಾಲಿ ಕುರ್ಚಿ, ಅದಕ್ಕೆ ಹಾರ. ಮುದ್ದೇಬಿಹಾಳದ ನನ್ನ ಚಿಕ್ಕಪ್ಪನ ಮಗ ಅಳುತ್ತಾ ಫೋನ್ ಮಾಡಿದ. ನಾನು "ಹಲೋ" ಎಂದೊಡನೆ ಹೆದರಿ ಇಟ್ಟುಬಿಟ್ಟ!

ಅವಳು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಏನ್ ಮಾತಾಡಿದಿ?" ಎಂದು ಕೇಳಿದೆ.

"ನಿಮ್ಮನ್ನ ನೋಡಿ ಓದೂದಿತ್ತು. ಕುರ್ಚಿ ನೋಡಿ ಓದಿದೆ."

ಆಮೇಲೆ ಎಷ್ಟೋ ಸಲ ಬೇಡಿಕೊಂಡೆ. ಒಂದು ದಿನ ಪಡಸಾಲೆಯ ನಡುವೆ ಕುರ್ಚಿ ಹಾಕಿಕೊಂಡು, ಕೈಕಟ್ಟಿ ಕುಳಿತು, "ಈಗ ಓದು," ಎಂದೆ. ಅವಳು ನಕ್ಕಳು. "ಅವತ್ತಿನ ಮಾತು ಅವತ್ತ ಮುಗೀತ್ರಿ," ಎಂದು ಒಳಗೆ ಹೋದಳು. ನನಗೆ ನಗು ಬರಲಿಲ್ಲ.

ಕಾರು ಈಗ ಕಾಯಿಪಲ್ಲೆ ಮಾರ್ಕೆಟಿಗೆ ಹೋಗಿ ಬರುತ್ತದೆ. ತಂಪಾಗಿ ಹೋಗಬೇಕಾದವಳಿಗೆ ಹೋಗಲು ಶಾಲೆಯೇ ಇಲ್ಲ. ಆ ಶಾಲು ಕಪಾಟಿನಲ್ಲಿದೆ. ನಾನು ಇನ್ನೂ ಹೊದ್ದಿಲ್ಲ. ಅದು ನನಗೆ ಸಂದದ್ದಲ್ಲ, ಕುರ್ಚಿಗೆ ಸಂದದ್ದು. ಹೇಳಿದ ಹೊತ್ತಿಗೆ ಬಂದು, ಮುಂದೆ ಕುಳಿತು, ನನ್ನ ಹೆಂಡತಿಯ ಮಾತನ್ನು ಪೂರ್ತಿ ಕೇಳಿದ್ದು ಅದೇ!