ಕಾಲಿನ ಕಿರುಬೆರಳಿನ ದಾವೆ

ಬೇರೆಯವರ ನೋವನ್ನು ನಂಬದಿರುವುದೇ ನನ್ನ ಹೊಟ್ಟೆಪಾಡು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ವಿಮಾ ಕಚೇರಿಯಲ್ಲಿ ಕೂತು, ಮುಸಫ್ಫಾದ ವರ್ಕ್‌ಶಾಪುಗಳಿಂದ ಬರುವ ಗಾಯದ ಅರ್ಜಿಗಳನ್ನು ಓದಿ, ‘ಅಷ್ಟೇನೂ ಆಗಿಲ್ಲ’ ಎಂದು ಬರೆಯುವವನು ನಾನು. ಹದಿನಾರು ವರ್ಷ ಹೀಗೆ ಬರೆದ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಮಗಳು ಹೊಟ್ಟೆನೋವು ಎಂದರೆ ಯಾವ ಭಾಗ, ಎಷ್ಟು ಹೊತ್ತಿನಿಂದ, ಸಾಕ್ಷಿ ಯಾರು ಎಂದು ಕೇಳಿದ್ದೂ ಉಂಟು.

ಸಾಲದ್ದಕ್ಕೆ ಈಚೆಗೆ ಒಂದು ಹುಚ್ಚು ಹಿಡಿಯಿತು. ಹಳೆಯ ಜರ್ಮಾನಿಕ್ ಬುಡಕಟ್ಟುಗಳ ಗಾಯದ ಕಾನೂನುಗಳ ಬಗ್ಗೆ ಎಲ್ಲೋ ಓದಿದೆ. ಎಂಥ ಜನರಪ್ಪಾ ಅವರು! ಹೆಬ್ಬೆರಳಿಗೆ ಒಂದು ಪರಿಹಾರ, ಅದರ ಉಗುರಿಗೆ ಇನ್ನೊಂದು, ಬಿಲ್ಲು ಎಳೆಯುವ ಬೆರಳಿಗೆ ಮತ್ತೊಂದು. ನಗುವಾಗ ಕಾಣುವ ಹಲ್ಲು ದವಡೆ ಹಲ್ಲಿಗಿಂತ ದುಬಾರಿ. ತಲೆಯೊಡೆದು ಎಲುಬಿನ ಚೂರು ಹೊರಬಂದರೆ ಅದನ್ನು ದಾರಿಯ ಆಚೆಯಿಂದ ಗುರಾಣಿಗೆ ಎಸೆಯಬೇಕು. ಠಣ್ ಎಂದರೆ ಪರಿಹಾರ, ಇಲ್ಲದಿದ್ದರೆ ಸುಮ್ಮನೆ ಮನೆಗೆ ನಡೆ. ಕುಂಟುವವನ ಕಾಲು ಹುಲ್ಲಿನ ಇಬ್ಬನಿಯನ್ನು ಸವರಿಕೊಂಡು ಹೋಗುತ್ತದೆಯೇ ಎಂದೂ ನೋಡುತ್ತಿದ್ದರಂತೆ; ಸವರಿದರೆ ಕುಂಟು ನಿಜ, ಪರಿಹಾರ ಖಾತ್ರಿ. ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳಿ ಮನೆಯವರ ಪ್ರಾಣ ತಿಂದೆ.

ಹೋದ ಶನಿವಾರ ಮಧ್ಯಾಹ್ನ ನನ್ನ ಹೆಂಡತಿ ಶಶಿಕಲಾ ಎಡಗಾಲಿನ ಕಿರುಬೆರಳನ್ನು ಡಂಬೆಲ್ಲಿಗೆ ಬಡಿದುಕೊಂಡಳು. ಡಂಬೆಲ್ಲು ನನ್ನದು. ದೇಹ ಬೆಳೆಸಲೆಂದು ತಂದು, ಮೂರನೆಯ ದಿನದಿಂದ ಕೋಣೆಯ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದೆ.

“ಯವ್ವಾ, ಸತ್ತೆ!” ಎಂದು ಅವಳು ನೆಲಕ್ಕೆ ಕೂತಳು. ನಮ್ಮಿಬ್ಬರದೂ ಬಾಗಲಕೋಟೆ ಕಡೆ. ನೋವಾದರೆ ಊರ ಮಾತೇ ಮೊದಲು ಬರುತ್ತದೆ.

ನಾನು ಬಗ್ಗಿ ನೋಡಿದೆ. “ಏನೂ ಆಗಿಲ್ಲ ತಗೊ. ಆ ಕಾಲದಾಗೂ ಕಾಲಬೆರಳಿಗೆ ಕೈಬೆರಳಿನ ಅರ್ಧಾನ ಪರಿಹಾರ.” ಈ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

“ಹಂಗಂದ್ರ ನೋವೂ ಅರ್ಧಾನ ಆಕ್ಕೈತೇನ್ರಿ?” ಅವಳ ಕಣ್ಣಲ್ಲಿ ನೀರಿತ್ತು. “ದವಾಖಾನಿಗೆ ಕರ್ಕೊಂಡು ನಡೀರಿ.”

“ನಾಳೆ ನೋಡೂಣು. ನೀ ಕುಂಟೂದೇನೂ ಕಾಣವಲ್ದು.”

“ಪಪ್ಪಾ, ಯೂ ಆರ್ ಸೋ ಮೀನ್,” ಎಂದು ಹತ್ತು ವರ್ಷದ ಮಗಳು ಸಂಜನಾ ಫ್ರಿಜ್ಜಿನಿಂದ ಐಸು ತಂದಳು.

ಮರುದಿನ ಬೆಳಿಗ್ಗೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮೂವರೂ ಹೊರಟೆವು. ಕಾರು ಎಂದಿನಂತೆ ಜಾಗ ಸಿಕ್ಕಲ್ಲಿ, ಅಂದರೆ ಕಟ್ಟಡದ ಹಿಂದಿನ ಪುಟ್ಟ ಪಾರ್ಕಿನ ಆಚೆ ನಿಂತಿತ್ತು. ಚಳಿಗಾಲದ ಮಂಜಿನಲ್ಲಿ ಪಾರ್ಕಿನ ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಾಗಿತ್ತು. ನಾನು ಮುಂದೆ ಹೋಗಿ ಕಾರಿನ ಗಾಜು ಒರೆಸುತ್ತ ತಿರುಗಿ ನೋಡಿದೆ. ಮಗಳ ಭುಜ ಹಿಡಿದು ಶಶಿಕಲಾ ಹುಲ್ಲು ದಾಟಿ ಬರುತ್ತಿದ್ದಳು. ಅವಳ ಬಲಗಾಲು ಹೆಜ್ಜೆಗಳನ್ನು ಮೂಡಿಸಿತ್ತು. ಎಡಗಾಲು ಪಾರ್ಕಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಒಂದು ಉದ್ದನೆಯ ಹಸಿರು ಗೆರೆ ಎಳೆದಿತ್ತು.

ಬಟ್ಟೆ ಹಿಡಿದ ನನ್ನ ಕೈ ಗಾಜಿನ ಮೇಲೇ ನಿಂತಿತು. ಅವಳೂ ತಿರುಗಿ ಆ ಗೆರೆ ನೋಡಿದಳು.

“ಆ ಮಂದಿ ಭಾಳ ಶಾಣ್ಯಾ ಇದ್ರು ಬಿಡ್ರಿ,” ಎಂದಳು. “ನೋವು ಎಷ್ಟೈತಿ ಅಂತ ಗಂಡನ್ನ ಕೇಳಲಿಲ್ಲ. ಇಬ್ಬನೀನ ಕೇಳಿದ್ರು.”

ಎಕ್ಸ್‌ರೇಯಲ್ಲಿ ಎಲುಬು ಬಿರುಕು ಬಿಟ್ಟದ್ದು ಕಾಣಿಸಿತು. ಡಾಕ್ಟರು ನಾಲ್ಕು ವಾರ ಹೆಚ್ಚು ಹೊತ್ತು ನಿಲ್ಲಬಾರದು ಎಂದರು. ಪರಿಹಾರವನ್ನು ಶಶಿಕಲಾಳೇ ಗೊತ್ತುಮಾಡಿದಳು: ನಾಲ್ಕೂ ವಾರ ಜೋಳದ ರೊಟ್ಟಿ ನಾನೇ ಬಡಿಯಬೇಕು. ನಾನು ಒಪ್ಪಿದೆ.

ನಿನ್ನೆ ನನ್ನ ಮೊದಲ ರೊಟ್ಟಿ ತಟ್ಟೆಗೆ ಬಂದಾಗ ಸಂಜನಾ ಅದನ್ನು ತಿರುವಿ ಮುರುವಿ ನೋಡಿದಳು. ಸೋಫಾದಲ್ಲಿ ಕಾಲು ಚಾಚಿ ಕೂತ ಅಮ್ಮನ ಕೈಗೆ ಸ್ಟೀಲಿನ ತಾಟು ಹಿಡಿಸಿ, ನಡುಮನೆಯ ಆ ಕಡೆ ಹೋಗಿ ರೊಟ್ಟಿಯನ್ನು ಗುರಿಯಿಟ್ಟು ಎಸೆದಳು.

ಠಣ್!

“ಪಪ್ಪಾ, ಇಟ್ಸ್ ಬೋನ್!”

ತಾಯಿ ಮಗಳು ಬಿದ್ದು ಬಿದ್ದು ನಕ್ಕರು, ಆಮೇಲೆ ಬ್ರೆಡ್ ತಿಂದರು. ಬಡಿದ ಆರು ರೊಟ್ಟಿಯೂ ನನ್ನ ಪಾಲಿಗೇ ಬಂದವು. ಎದುರಿನ ಎರಡು ಹಲ್ಲು, ಅದೇ ನಗುವಾಗ ಕಾಣುವವು, ಬೆಳಗಿನಿಂದ ಅಲ್ಲಾಡುತ್ತಿವೆ. ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿಲ್ಲ.