ಗೇಟಿನಿಂದ ಆಫೀಸಿಗೆ ನಾನೂರು ಮೀಟರ್

ಕ್ಯಾಮೆರಾ ಕೂರಿಸುವುದು ಅರ್ಧ ದಿನದ ಕೆಲಸ. ಕೇಬಲ್ ಎಳೆಯಲು ಹೋದಾಗಲೇ ನನಗೆ ಒಂದಲ್ಲ ಒಂದು ಪೇಚು ಕಾದಿರುತ್ತದೆ. ತೊಂಬತ್ತರ ದಶಕದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಂತೂ ಒಂದೇ ಕ್ಯಾಮೆರಾಕ್ಕೆ ಮೂರು ಸಲ ಕೇಬಲ್ ಎಳೆದೆ. ಕ್ಯಾಮೆರಾ ಗೇಟಿನಲ್ಲಿ, ಟಿ.ವಿ. ನಾನೂರು ಮೀಟರ್ ಒಳಗೆ, ಮಾಲೀಕರ ಕೋಣೆಯಲ್ಲಿ.

ಬಂದ ಕಾಫಿ

ಇಷ್ಟು ದೂರಕ್ಕೆ ಪೂರ್ತಿ ತಾಮ್ರದ ದಪ್ಪ ಕೇಬಲ್ ಬೇಕು ಅಂದೆ. "ಮನೆ ಟಿ.ವಿ.ಗೆ ಸಾಕಾಗೋದು ಇದಕ್ಕೆ ಯಾಕ್ರೀ ಸಾಲಲ್ಲ?" ಅಂದರು ಮಾಲೀಕರು. ಆ ಮನೆ ಟಿ.ವಿ. ಕೇಬಲನ್ನೇ ಎಳೆದೆ. ಚಿತ್ರ ಬಂತು, ಆದರೆ ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ. ಬಿಳಿ ಬಟ್ಟೆಯವರೊಬ್ಬರು ಗೇಟಿನಿಂದ ಆಫೀಸಿನ ಕಡೆ ಹೊರಟಿದ್ದು ಕಂಡಿತು. ಯಾರೋ ಅಧಿಕಾರಿ ಇರಬೇಕೆಂದು ಮಾಲೀಕರು ಅಂಗಿ ಸರಿಮಾಡಿಕೊಂಡು ಕಾಫಿ ತರಿಸಿದರು. ಬಾಗಿಲು ತಳ್ಳಿ ಬಂದವರು ಖಾಕಿ ಬಟ್ಟೆಯ ಗೇಟಿನ ವಾಚ್‌ಮನ್, ನಾಗಸಂದ್ರದ ಒಬ್ಬ ಹಿರಿಯರು. ಹೇಗೂ ಬಂದಿದೆಯಲ್ಲ ಎಂದು ಕಾಫಿ ಕುಡಿದೇ ಹೋದರು.

ಗಟ್ಟಿ ಮಾಲು

ಆಮೇಲೆ ಮಾಲೀಕರು ದಪ್ಪ ಕೇಬಲಿಗೆ ಒಪ್ಪಿದರು. ತಾಮ್ರದ ಕೇಬಲನ್ನು ಕಂಬದಿಂದ ಕಂಬಕ್ಕೆ ಕಟ್ಟಿದೆ. ಚಿತ್ರ ಚೆನ್ನಾಗಿತ್ತು, ಆದರೆ ದಿನಾ ಹನ್ನೊಂದು ಗಂಟೆಗೆ ಮಾಯ. ಹುಡುಕುತ್ತಾ ಹೋದರೆ, ಕ್ಯಾಂಟೀನಿನ ಅಕ್ಕ ಒಗೆದ ಬಟ್ಟೆಯನ್ನೆಲ್ಲ ಅದರ ಮೇಲೆ ಹರವಿದ್ದರು. ಭಾರಕ್ಕೆ ಜೋಡಣೆ ಕಿತ್ತು ಬರುತ್ತಿತ್ತು. ನಾನು ವಿವರಿಸಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, "ಒಳ್ಳೆ ಗಟ್ಟಿ ಐತಣ್ಣ, ಆ ಕಡೆಗೂ ಒಂದು ಕಟ್ಕೊಡು," ಅಂದರು.

ಗೇಟು

ಕೊನೆಗೆ ನೆಲದಡಿ ಪೈಪಿನಲ್ಲಿ ಹಾಕುವುದೆಂದಾಯಿತು. ಚಿತ್ರ ಸರಿಯಾಗಿ ಬಂದರೆ ಗೇಟಿಗೆ ಆಳೇ ಬೇಡ, ವಾಚ್‌ಮನ್ನನ್ನು ತೆಗೆಯುತ್ತೇನೆ ಎಂದು ಮಾಲೀಕರು ನನ್ನ ಹತ್ತಿರ ಹೇಳಿದರು. ಅಂದಿನಿಂದ ಆ ಹಿರಿಯರ ಮುಖ ನೋಡುವುದು ಕಷ್ಟವಾಯಿತು. ನಾನು ಅವರ ಕೆಲಸ ಕಳೆಯುವ ಕೇಬಲ್ ಹಾಕುತ್ತಿದ್ದೆ; ಅವರು ಮಳೆಗಾಲದಲ್ಲಿ ಎಲ್ಲೆಲ್ಲಿ ನೀರು ನಿಲ್ಲುತ್ತದೆ ಎಂದು ತೋರಿಸಿ, ಸುತ್ತಿ ಬಳಸಿ ಅಗೆಸುತ್ತಿದ್ದರು. ತಡೆಯಲಾರದೆ ವಿಷಯ ಹೇಳಿಬಿಟ್ಟೆ. ಅವರು ಅಗೆದ ಗುಂಡಿಯನ್ನೇ ನೋಡುತ್ತಾ, "ಕೆಲ್ಸ ಕೆಟ್ರೆ ನಿಮ್ಮ ಎಸ್ರು ಕೆಡ್ತದೆ ಸಾರ್. ಸರಿಯಾಗಿ ಆಕಿ," ಅಂದರು.

ಸರಿಯಾಗಿಯೇ ಹಾಕಿದೆ. ಕನ್ನಡಿಯಂಥ ಚಿತ್ರ. ಮಾಲೀಕರು ಆ ಬೆಳಿಗ್ಗೆಯೇ ಗೇಟಿಗೆ ಬೀಗ ಹಾಕಿಸಿ ವಾಚ್‌ಮನ್ನನ್ನು ಒಳಗೆ ಕರೆಸಿದರು. ಅವರಿಗೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಒಂದು ಕಾರು ನಿಂತಿತು. ವೈಟ್‌ಫೀಲ್ಡಿನಿಂದ ದೊಡ್ಡ ಆರ್ಡರ್ ಕೊಡಲು ಬರಬೇಕಿದ್ದವರು. ಅವರ ಮೀಸೆ ಕೂಡ ಕಾಣುತ್ತಿತ್ತು. ಮಾಲೀಕರು ಪರದೆಗೇ ಕೈಮುಗಿದರು. ಗೇಟು ತೆರೆಯಲಿಲ್ಲ. ಕಾರಿನವರು ವಾಚು ನೋಡಿಕೊಂಡರು. ಮಾಲೀಕರು ಎದ್ದವರೇ ಓಡಿದರು.

ನಾನು, ವಾಚ್‌ಮನ್ ನಿಂತು ನೋಡಿದೆವು. ನಾನೂರು ಮೀಟರ್ ಓಡಿದವರು ಪರದೆಯಲ್ಲಿ ಕಾಣಿಸಿಕೊಂಡು, ಗೇಟು ಹಿಡಿದು ಏದುಸಿರು ಬಿಟ್ಟು, ಎರಡೂ ಜೇಬು ತಡಕಿದರು. ಆಮೇಲೆ ನಿಧಾನವಾಗಿ ಕ್ಯಾಮೆರಾ ಕಡೆ ತಲೆಯೆತ್ತಿದರು. ಮಾರನೆಯ ದಿನದಿಂದ ಹಿರಿಯರು ಮತ್ತೆ ಗೇಟಿನಲ್ಲೇ ಕೂತರು, ಕೆಲಸದಿಂದ ತೆಗೆಯುವ ಮಾತು ಯಾರೂ ಎತ್ತಲಿಲ್ಲ. ಆದರೆ ಆ ಕ್ಷಣದಲ್ಲಿ ಅವರು ಸೊಂಟ ಮುಟ್ಟಿ ನೋಡಿಕೊಂಡು ನನಗೆ ಮೆಲ್ಲಗೆ ಹೇಳಿದ್ದಿಷ್ಟು:

"ಬೀಗದ ಕೈ ಇಲ್ಲೇ ಐತೆ ಸಾರ್. ಕೇಳ್ದೇನೇ ಓಡೋದ್ರು."